ನಾಲ್ಕು ಮಿಲಿಮೀಟರ್

ಮತ್ರಾದ ಚಿನ್ನದ ಗಲ್ಲಿಯಲ್ಲಿ
ಅಂಗಡಿಯಿಂದ ಹೊರಗೆ ಕಾಲಿಟ್ಟರೆ ಸಾಕು
ಕನ್ನಡಕ ಬೆಳ್ಳಗಾಗುತ್ತದೆ,
ಕುದಿವ ಅನ್ನದ ಮುಚ್ಚಳ ತೆಗೆದಂತೆ.
ಗಿರಾಕಿಯನ್ನು ಬಾಗಿಲವರೆಗೆ ಕಳಿಸುವವಳು
ಕುರುಡಿಯಂತೆ ನಿಲ್ಲಬಾರದು, ಎಂದ ಸೇಟ್.
ಹಾಗೆ ಬಂತು ಲೆನ್ಸು.
ಬೆಳಿಗ್ಗೆ ಒಂಬತ್ತಕ್ಕೆ ಹಾಕಿದರೆ ರಾತ್ರಿ ಹತ್ತಕ್ಕೆ ತೆಗೆಯುವುದು,
ನಡುವೆ ಮಧ್ಯಾಹ್ನ ಷಟರ್ ಇಳಿಸಿದಾಗ
ಸ್ಟೂಲಿನ ಮೇಲೆಯೇ ತೂಕಡಿಕೆ.

ಏಸಿಯ ಬಾಯಿ ನೇರ ನನ್ನ ಮುಖಕ್ಕೆ.
ಗಾಜಿನಾಚೆ ಗಾಳಿಯನ್ನು ಹಿಂಡಿದರೆ ನೀರು,
ಸಾಮಾನು ತಳ್ಳುವ ಬಲೂಚಿಯ ಅಂಗಿ ಬೆನ್ನಿಗಂಟಿದೆ.
ಈಚೆ ನಾನು,
ಹಪ್ಪಳ.

ಸಂಜೆ ಆರರ ಮೇಲೆ ಲೆನ್ಸು ನನ್ನದಲ್ಲ,
ಯಾವುದೋ ಮೀನಿನ ಹುರುಪೆ.
ರೆಪ್ಪೆ ಹೊಡೆದರೆ ಕೀಳುತ್ತದೆ, ಹೊಡೆಯದಿದ್ದರೆ ಉರಿ.
‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು ನಳಿನಾಕ್ಷಿ,
ಒಂದು ಮೂಗುತಿ ಹೋದರೂ ಸಂಬಳದಲ್ಲೇ ಕಟ್.’
ಹೇಳಿದ್ದು ನಮ್ಮವನೇ, ಸುರತ್ಕಲ್ಲಿನ ಕ್ಯಾಷಿಯರ್ ಜಯಕರ.

ಆ ದಿನ ಬಂದವಳು ಸೂರ್ ಕಡೆಯ ಮುದುಕಿ,
ಬಳೆ ಮಾರಲಿಕ್ಕೆ.
ಬಳೆ ಬರಲೊಲ್ಲದು.
ಸೋಪುನೀರು ತಂದೆ, ತಿರುಗಿಸಿ ತಿರುಗಿಸಿ ಎಳೆದೆ,
ಮಣಿಕಟ್ಟಿನಲ್ಲಿ ಬಿಸಿಲೇ ಕಾಣದ ಒಂದು ಬೆಳ್ಳನೆ ದಾರಿ.
ತಕ್ಕಡಿಯ ಕೆಂಪು ಅಂಕಿಗೆ ಎವೆಯಿಕ್ಕದೆ ನಿಂತಿದ್ದೆ.
ಆಗ ಎಡಗಣ್ಣು ಒಡೆಯಿತು.
ಗಲ್ಲ, ಗದ್ದ, ಶೋಕೇಸಿನ ಗಾಜಿನ ಮೇಲೆ ಟಪ್.
ಸೋಪಿನ್ನೂ ಆರದ ಕೈಯಲ್ಲಿ ನನ್ನ ಕೈ ಹಿಡಿದಳು.
‘ಲಾ ತಬ್ಕೀ, ಯಾ ಬಿಂತೀ.’
ಅಳಬೇಡ ಮಗಳೇ.
ನನಗೆ ಬರುತ್ತಿದ್ದ ಅರಬ್ಬಿ:
ಗ್ರಾಮು, ಬೆಲೆ, ಮಜೂರಿ, ನಾಳೆ ಬನ್ನಿ.
ಲೆನ್ಸಿಗೆ ಪದವಿರಲಿಲ್ಲ.
ಇದ್ದಿದ್ದರೂ.
ಜಯಕರ ಸವಕಳಿಯಲ್ಲಿ ಎರಡು ರಿಯಾಲ್ ಬಿಟ್ಟುಕೊಟ್ಟ.
ಅವನೂ ನಂಬಿದ್ದ.

ರೂವಿಯ ಕ್ಲಿನಿಕ್ಕಿನಲ್ಲಿ ‘ನಲೀನ್ ಅಕ್ಸಿ!’ ಎಂದು ಕೂಗಿದರು.
ಸುಡಾನಿನ ಡಾಕ್ಟರಮ್ಮ ಇಹ್ಸಾನ್ ಹೆಸರಿನ ಅರ್ಥ ಕೇಳಿದಳು.
ತಾವರೆಗಣ್ಣಿ ಎಂದೆ, ಹರುಕು ಇಂಗ್ಲಿಷಿನಲ್ಲಿ.
‘ತಾವರೆ ಬೆಳೆಯುವುದೆಲ್ಲಿ?’
‘ನೀರಲ್ಲಿ.’
ಹ್ಮ್, ಎಂದು ದೀಪ ತಿರುಗಿಸಿದಳು.

ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ,
ಅದರ ಮೇಲೆ ಗೆರೆ, ಗೆರೆಗೆ ಅಂಕಿ,
ಐದು ನಿಮಿಷ ಅಂದಳು.
ಪರೀಕ್ಷೆಯಲ್ಲವೇ, ಹೆಚ್ಚು ಬರಲೆಂದು
ಅಳುವಂಥದ್ದನ್ನೆಲ್ಲ ಹುಡುಕಿ ತಂದೆ:
ಆರನೇ ಕ್ಲಾಸಿನಲ್ಲಿ ಕಳೆದ ಛತ್ರಿ,
ಹೋಗಲಾಗದ ಅಕ್ಕನ ಹೆರಿಗೆ,
ವೀಸಾ ಏಜೆಂಟನ ರಸೀದಿಯ ಮೇಲಿನ ಸುಳ್ಳು ಸೀಲು,
ಮತ್ತೆ ಆ ಬಳೆ.
ಎಡಕ್ಕೆ ನಾಲ್ಕು ಮಿಲಿಮೀಟರ್, ಬಲಕ್ಕೆ ಐದು.
ಕ್ಯಾರೆಟ್ ಕಮ್ಮಿ, ಎಂದುಕೊಂಡೆ.

‘ಹಾಗಾದರೆ ಅವತ್ತು ಸುರಿದದ್ದು?’
ಅದು ಗಾಬರಿಯ ನೀರು, ಎಂದಳು.
ಒಣಗಿದ ಕಣ್ಣು ಬೆದರಿ ಒಮ್ಮೆಗೇ ಚೆಲ್ಲಿಬಿಡುತ್ತದೆ, ನಿಲ್ಲುವುದಿಲ್ಲ.
ನಿಲ್ಲಲು ಮೇಲೊಂದು ಎಣ್ಣೆಯ ಪೊರೆ ಬೇಕು.
ರೆಪ್ಪೆಯಂಚಿನಲ್ಲಿ ಅದರ ಬಾವಿಗಳು,
ನಿನ್ನವು ಕಟ್ಟಿಕೊಂಡಿವೆ.

ಎಣ್ಣೆ!
ಜಯಕರನಿಗೆ ಹೇಳಬೇಕು.

ಬಿಸಿ ಬಟ್ಟೆಯ ಕಾವು, ದಿನಕ್ಕೆ ನಾಲ್ಕು ಸಲ ಹನಿ,
ಸದ್ಯಕ್ಕೆ ಲೆನ್ಸು ಬೇಡ.
ಬಾಗಿಲವರೆಗೆ ಬಂದವಳನ್ನು ಕರೆದು ಮತ್ತೊಂದು:
‘ನೀನು ರೆಪ್ಪೆ ಅರ್ಧವೇ ಮುಚ್ಚುತ್ತೀಯ.
ಪೂರ್ತಿ ಮುಚ್ಚು. ಒಂದು ಕ್ಷಣ ಏನೂ ಕಳುವಾಗುವುದಿಲ್ಲ.’

ಈಗ ಮತ್ತೆ ಕನ್ನಡಕ.
ಸೇಟ್ ನೋಡಿದ, ಏನೂ ಅನ್ನಲಿಲ್ಲ, ಲೆಕ್ಕಕ್ಕೆ ತಿರುಗಿದ.
ಆ ಬಳೆ ಇನ್ನೂ ಕರಗಲು ಹೋಗಿಲ್ಲ,
ಹಿಂದಿನ ಸಾಲಿನ ಮೂಲೆಯಲ್ಲಿ ಇಟ್ಟಿದ್ದೇನೆ,
ಕೇಳಿದವರಿಗೆ ಮೊದಲು ಬೇರೆಯದನ್ನು ತೋರಿಸುತ್ತೇನೆ.
ಗಿರಾಕಿಯ ಹಿಂದೆ ಹೊಸ್ತಿಲು ದಾಟಿದರೆ
ಮತ್ರಾ ಮಾಯ.
ಒರೆಸುವುದಿಲ್ಲ.
ಒಳಗೆ ರೆಪ್ಪೆ ಪೂರ್ತಿ ಮುಚ್ಚಿ, ತೆಗೆದು, ಮುಚ್ಚಿ ನಿಲ್ಲುತ್ತೇನೆ,
ಅಂಚಿನಿಂದ ತಾನಾಗಿ ತಿಳಿಯಾಗುವವರೆಗೆ:
ಮೊದಲು ಅತ್ತರಿನಂಗಡಿಯ ಹಸಿರು ಬಲ್ಬು,
ಆಮೇಲೆ ಬಲೂಚಿಯ ತಳ್ಳುಗಾಡಿಯ ಒಂದು ಚಕ್ರ.